ವಿ-ಕ್ರಾಸ್‌ಗೆ ಸೈಲೆನ್ಸರ್ ಮಾಡಿಸಿದ್ದು: ಸೌಂಡ್ ಆಮ್ಯಾಲ, ಮೊದ್ಲ ಗಾಡಿ ಬುಡಕ ನೋಡ್ರಿ

ನಂದು ಇಸುಜು ವಿ-ಕ್ರಾಸ್ ಪಿಕಪ್ ಗಾಡಿ, 2018ರ ಮಾಡೆಲ್, 2.5 ಲೀಟರ್ ಡೀಸೆಲ್, ಬಿಎಸ್4. ಎರಡಿಂಚು ಲಿಫ್ಟ್ (ಗಾಡಿ ಎತ್ತರ ಮಾಡೂದು) ಆತು, ಕಚ್ಚಾ ಹಾದಿಗೂ ನಡಿಯೋ ದೊಡ್ಡ ಎಟಿ ಟೈರ್ ಆತು, ಹಿಂದ ಲೋಡ್ ಜಾಗ ಮುಚ್ಚೋ ಕ್ಯಾನೊಪಿ ಕುಂತ್ತು, ಉಳಿದದ್ದು ಸೈಲೆನ್ಸರ್ ಒಂದ, ಅಂದ್ರ ಹೊಗಿ ಹೋಗೋ ಪೈಪು, ಸೌಂಡ್ ಕಡಿಮಿ ಮಾಡೋ ಮಫ್ಲರ್ ಡಬ್ಬಿ ಎಲ್ಲಾ. ಹುಬ್ಬಳ್ಳ್ಯಾಗ ಯಾರ್ನ ಕೇಳಿದ್ರೂ ಒಂದ ಮಾತು, "ಮಫ್ಲರ್ ಕಿತ್ತ ಒಗದು ನೆಟ್ಟಗ ಪೈಪ್ ಹಾಕಸ್ರಿ, ಗಾಡಿ ಹಾರತೈತಿ". ಹಾರಂಗಿಲ್ರಿ. ಸೌಂಡ್ ಅಷ್ಟ ಹಾರತೈತಿ.

ಟರ್ಬೊ ಡೀಸೆಲ್ ಕಥಿ ಬ್ಯಾರೆ. ಇಂಜಿನ್ನಿಂದ ಬಂದ ಹೊಗಿ ಮೊದ್ಲ ಟರ್ಬೊ ಫ್ಯಾನ್ ತಿರುಗಿಸಿ ಆಮ್ಯಾಲ ಪೈಪಿಗೆ ಬರತೈತಿ, ಹಂಗಾಗಿ ಟರ್ಬೊ ದಾಟಿದ ಮ್ಯಾಲ ಹೊಗಿ ಎಷ್ಟು ಸಲೀಸ ಹೊರಗ ಹೋಗತೈತೋ ಅಷ್ಟು ಲಗೂನ ಬೂಸ್ಟ್ (ಟರ್ಬೊ ಇಂಜಿನ್ನಿಗೆ ತುಂಬೋ ಗಾಳಿ ಒತ್ತಡ) ಏರತೈತಿ, ಘಾಟ್ ಹತ್ತುವಾಗ ಹೊಗಿ ಕಾವೂ ಕಡಿಮಿ ಇರತೈತಿ. "ಸ್ವಲ್ಪ ಬ್ಯಾಕ್ ಪ್ರೆಷರ್ ಇರಬೇಕ್ರಿ", ಅಂದ್ರ ಹೊಗಿಗೆ ಪೈಪಿನ್ಯಾಗ ಒಂದೀಟು ತಡಿ ಇರಬೇಕು ಅನ್ನೋ ಮಾತು ಟರ್ಬೊ ಗಾಡಿಗೆ ಲಾಗೂ ಆಗಂಗಿಲ್ಲ. ಆದ್ರ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್) ಮುಟ್ಟದ ಬರೇ ಪೈಪ್ ಬದ್ಲಿ ಮಾಡಿದ್ರ ಸಿಗೋದು ಒಂದೀಟ ಅಷ್ಟ. ಕಂಪನಿ ಕೊಟ್ಟ ಟಾರ್ಕ್ (ಎಳಿಯೋ ಬಲ) 320 ನ್ಯೂಟನ್ ಮೀಟರ್, ಅದು ಹಂಗ ಇರತೈತಿ. ದೊಡ್ಡ ಟೈರ್ ತಿಂದ ಪಿಕಪ್ ಸೈಲೆನ್ಸರ್‌ನಿಂದ ತಿರುಗಿ ಬರತೈತಿ ಅಂತ ಯಾರರ ಅಂದ್ರ ನಂಬಬ್ಯಾಡ್ರಿ.

ಕ್ಯಾಟ್ (ಹೊಗಿ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್) ತಗಸಂಗಿಲ್ಲ ಅಂತ ಮೊದ್ಲ ಖಡಕ್ ಹೇಳಿಬಿಟ್ಟಿದ್ದೆ. ಬಿಎಸ್4 ಡೀಸೆಲ್ಲಿಗೆ ಪಿಯುಸಿ ಟೆಸ್ಟಿನ್ಯಾಗ ಹೊಗಿ ಎಷ್ಟು ದಟ್ಟ ಅನ್ನೋದರ ಮಿತಿ 1.62, ಅದನ್ನ ಪಾಸ್ ಮಾಡಬೇಕು. ಮ್ಯಾಲ 2019ರ ತಿದ್ದುಪಡಿ ಆದ ಮ್ಯಾಲ ಕಾನೂನಿನ್ಯಾಗ ಪರವಾನಿಗಿ ಇಲ್ಲದ ಒಂದೊಂದು ಮಾಡಿಫಿಕೇಶನ್ನಿಗೂ 5000 ರೂಪಾಯಿ ದಂಡ ಐತಿ, ಶಬ್ದ ಮತ್ತ ಹೊಗಿ ನಿಯಮ ಮುರಿದ್ರ ಮೊದಲನೇ ಸಲಾನ 10,000ದ ತನಕ. 2020ರ ಏಪ್ರಿಲ್ ಆದ ಮ್ಯಾಲಿನ ಬಿಎಸ್6 ಗಾಡಿ ಇದ್ದವರಂತೂ ಡಿಪಿಎಫ್ (ಹೊಗಿ ಮಸಿ ಹಿಡಿಯೋ ಫಿಲ್ಟರ್) ಕಡೆ ಕೈ ಹಾಕಬ್ಯಾಡ್ರಿ, ಅದರ ಸೆನ್ಸರ್ ಸಿಟ್ಟಿಗೆದ್ರ ಗಾಡಿ ಶಕ್ತಿ ಕಡಿಮಿ ಮಾಡ್ಕೊಂಡು ಲಿಂಪ್ ಮೋಡಿಗೆ ಹೋಗಿ ಕುಂದರತೈತಿ. ನಾ ಮಾಡಸಿದ್ದೆಲ್ಲಾ ಕ್ಯಾಟ್ ಹಿಂದಿಂದ ಅಷ್ಟ.

ಪೈಪ್ ಸೈಜು ಎರಡೂವರಿ ಇಂಚು. ಎರಡಿಂಚಿನ ಪೈಪಿಗಿಂತ ಇದರ ಬಾಯಿ ವಿಸ್ತೀರ್ಣ ಒಂದೂವರಿ ಪಟ್ಟಿಗಿಂತ ಜಾಸ್ತಿ ಆಗತೈತಿ, 2.5 ಲೀಟರ್ ಇಂಜಿನ್ನಿಗೆ ಅಷ್ಟು ಸಾಕು. ಮೂರಿಂಚು ಹಾಕಸೋ ಹುಡುಗರು ಅದಾರ, ಆದ್ರ ಚೆಸ್ಸಿ ಮತ್ತ ಪ್ರೊಪೆಲ್ಲರ್ ಶಾಫ್ಟ್ ನಡುವ ಅದನ್ನ ತೂರಸೂದ ಒಂದು ಸರ್ಕಸ್ಸು.

ಮಫ್ಲರ್ ವಿಷಯದಾಗ ಭಾಳ ತಲಿ ಕೆಡಿಸ್ಕೊಂಡೆ. ನಾಲ್ಕು ಸಿಲಿಂಡರ್ ಇಂಜಿನ್ನು 2000 ಆರ್‌ಪಿಎಮ್‌ನ್ಯಾಗ ಸೆಕೆಂಡಿಗೆ ಸುಮಾರು 67 ಸಲ ಫೈರ್ ಆಗತೈತಿ, ಧಾರವಾಡ ಬೈಪಾಸ್ ಮ್ಯಾಲ ಐದನೇ ಗೇರಿನ್ಯಾಗ ಅರಾಮ ಹೊಂಟ್ರ ಆರ್‌ಪಿಎಮ್ ಕಾಟಾ ನಿಲ್ಲೂದೂ ಅದರ ಆಸುಪಾಸಿನ್ಯಾಗ. ಮಫ್ಲರ್ ಇಲ್ಲದ ಪೈಪಿನ್ಯಾಗ ಈ ಮಂದ ಸೌಂಡು ಕ್ಯಾಬಿನ್ ಒಳಗ ತುಂಬಿಕೊಂಡು ಹಿಟ್ಟಿನ ಗಿರಣಿ ಬಾಜೂಕ ಕುಂತಂಗ ಅಕ್ಕೈತಿ, ಮನಿಯವರು ಎರಡನೇ ಸಲ ಗಾಡಿ ಹತ್ತಂಗಿಲ್ಲ. ಗೆಳ್ಯಾನ ಗಾಡ್ಯಾಗ ಗದಗ ತನಕ ಹಂಗ ಕುಂತ ಹೋಗಿ ಬಂದು ನಿರ್ಧಾರ ಮಾಡೀದ್ದೆ. ಅದಕ್ಕ ನಾ ಆರಿಸಿದ್ದು ಒಳಗ ತೂತಿನ ಪೈಪ್ ನೆಟ್ಟಗ ಹಾದು ಸುತ್ತ ಗ್ಲಾಸ್ ವುಲ್ ತುಂಬಿದ ಉದ್ದನ್ನ ಮಫ್ಲರ್ರು, ಅದರ ಮುಂದ ಗುಂಯ್ ಅನ್ನೋದನ್ನ ಕಡಿಮಿ ಮಾಡೋ ಸಣ್ಣದೊಂದು ರೆಸೊನೇಟರ್ ಡಬ್ಬಿ. ಹೊಗಿಗೆ ಅಡ್ಡಿ ಇಲ್ಲ, ಸೌಂಡ್ ಮಾತ್ರ ಆ ವುಲ್ ಎಳ್ಕೋತೈತಿ.

ಖರೇ ಕೆಲಸ ಇದ್ದದ್ದು ಪೈಪ್ ಹಾದಿ ಹಾಕೂದ್ರಾಗ. ಪಿಕಪ್ ಗಾಡಿ ಹಿಂದ ಪಾಟಾ (ಸ್ಪ್ರಿಂಗ್ ಪಟ್ಟಿ), ಹೌಸಿಂಗು (ಹಿಂದಿನ ಆಕ್ಸಲ್ ಕವಚ), ಬುಡಕ ಸ್ಟೆಪ್ನಿ, ಇವೆಲ್ಲಾ ಬಿಟ್ಟು ಉಳಿದ ಸಂದ್ಯಾಗ ಪೈಪ್ ಹೋಗಬೇಕು. ಲಿಫ್ಟ್ ಆದ ಗಾಡಿ ಖಾಲಿ ನಿಂತಾಗ ಬೇಕಾದಷ್ಟು ಗ್ಯಾಪ್ ಕಾಣತೈತಿ, ಲೋಡ್ ಬಿದ್ದು ಒಂದ ಗಾಲಿ ಏರಿದಾಗ ಅದ ಹೌಸಿಂಗು ಹೋಗಿ ಪೈಪಿಗೆ ಬಡೀತೈತಿ. ಗೋಕುಲ ರೋಡ್ ಕಡೆ ಆರ್ಗಾನ್ ವೆಲ್ಡಿಂಗ್ ಮಾಡೋ ಒಬ್ಬ ಚಾಚಾ ಅದಾರ, ಅವ್ರು ಪೈಪ್ ಬರೇ ಚುಕ್ಕಿ ವೆಲ್ಡ್ ಮಾಡಿ ನಿಲ್ಲಿಸಿ, "ಸಾಹೇಬ್ರ, ಹಿಂದ ಸಿಮೆಂಟ್ ಚೀಲ ಹೇರಸ್ಕೊಂಡ ಬರ್ರಿ, ಆಮ್ಯಾಲ ಮಾತಾಡೂಣು" ಅಂದ್ರು. ಹೇರಸ್ಕೊಂಡು ಬಂದು ಎಡಗಾಲಿ ರ‍್ಯಾಂಪ್ ಮ್ಯಾಲ ಏರಿಸಿದ್ರ, ಖಾಲಿ ಇದ್ದಾಗ ಅಂಗೈ ಹೋಗತಿದ್ದ ಜಾಗದಾಗ ಒಂದು ಬಟ್ಟ ಸೈತ ಹೋಗವಲ್ತು. ಚಾಚಾ ಸುಣ್ಣದ ಕಡ್ಡಿಲೆ ಪೈಪ್ ಮ್ಯಾಲ ಗುರುತು ಹಾಕಿ, ಆ ಬೆಂಡ್ ಕೊಯ್ದು ಇನ್ನೊಂದೀಟು ಮ್ಯಾಲ ಎತ್ತಿ ಚುಕ್ಕಿ ಇಟ್ರು. ಮತ್ತ ಏರಿಸಿ ನೋಡಿದಾಗ ಎರಡು ಬಟ್ಟು ಗ್ಯಾಪ್ ಸಿಕ್ತು, ಅದಾದ ಮ್ಯಾಲನ ಎಲ್ಲಾ ಕಳಚಿ ಟೇಬಲ್ ಮ್ಯಾಲ ಪೂರ್ತಿ ವೆಲ್ಡ್. ರೆಡಿಮೇಡ್ ಕಿಟ್ ತರಿಸಿದ್ರ ಇಷ್ಟು ಸಿಗಂಗಿಲ್ಲ, ಅವು ಕಂಪನಿ ಎತ್ತರದ ಗಾಡಿಗೆ ಅಂತ ಮಾಡಿದ್ದು.

ಬಾಯಿ ಎಲ್ಲಿ ಬಿಡಬೇಕು ಅನ್ನೋದೂ ಹಂಗ. ಚೊಲೋ ಕಾಣತೈತಿ ಅಂತ ಹಿಂದಿನ ಗಾಲಿ ಮುಂದ ಬಾಜೂಕ ತಗಸ್ತಾರ, ಕ್ಯಾನೊಪಿ ಇದ್ದವರಿಗೆ ಅದು ಬ್ಯಾಡ. ಹೊಗಿ ಬಾಡಿ ಗುಂಟ ಹಿಂದ ಸರ್ಕೊಂಡು ಕ್ಯಾನೊಪಿ ಸಂದ್ಯಾಗಿಂದ ಒಳಗ ಎಳ್ಕೋತೈತಿ, ಒಳಗ ಯಾರರ ಮಲಗಿದ್ರ ಜೀವಕ್ಕ ಸಂಚಕಾರ. ನಂದು ಹಿಂದಿನ ಗಾಲಿ ದಾಟಿ, ಬಾಡಿ ಅಂಚಿನ ತನಕ ಬಂದು, ಕೆಳಗ ಓರಿ ಮಾಡಿ ಬಿಟ್ಟದ್ದು. ಅಣ್ಣಿಗೇರಿ ಕಡೆ ನಮ್ದು ಯರಿ ಹೊಲ, ಮಳಿಗಾಲದಾಗ ಆ ರಾಡಿ ಗಾಲಿಗೆ ಮೆತಗೊಂಡು ಸಿಡದದ್ದೆಲ್ಲಾ ಗಾಲಿ ಮುಂದ ಹಿಂದ ತುಂಬತೈತಿ, ಬಾಯಿ ಗಾಲಿಗೆ ಹತ್ರ ಇದ್ರ ಮುಚ್ಚೇ ಹೋಗತೈತಿ. ಬ್ಯಾಸಿಗ್ಯಾಗ ಇನ್ನೊಂದು ಕಾಟ: ಕಡ್ಲಿ ರಾಶಿ ಆದ ಮ್ಯಾಲ ಒಣಾ ಹೊಟ್ಟಿನ ಮ್ಯಾಲ ಗಾಡಿ ನಿಲ್ಲಿಸಿದ್ರ ಕ್ಯಾಟ್ ಕಾವಿಗೆ ಬೆಂಕಿ ಹತ್ತಬಹುದು. ಕಂಪನಿ ಹೀಟ್ ಶೀಲ್ಡ್ ಗಲಗಲ ಅಂತೈತಿ ಅಂತ ಕಿತ್ತ ಒಗೀತಾರ ಮಂದಿ, ನಾ ಅದನ್ನ ಹಂಗ ಉಳಿಸಿ ಸ್ಟೆಪ್ನಿ ಬಾಜೂಕ ಇನ್ನೊಂದು ತಗಡು ಹಾಕಸಿದೆ.

ಮಾಲಿನ ಬಗ್ಗೆ ಒಂದು ಮಾತು. ಎಸ್‌ಎಸ್ ಅಂತ ಹೇಳಿ ಮನಿ ರೇಲಿಂಗಿಗೆ ಹಾಕೋ 202 ಪೈಪ್ ಹಾಕಿಬಿಡ್ತಾರ, ಹೊಳಪು ಥೇಟ್ 304ರಂಗ, ಅಯಸ್ಕಾಂತ ಹಿಡದ್ರೂ 202 ಅಂತ ಗೊತ್ತಾಗಂಗಿಲ್ಲ ಯಾಕಂದ್ರ ಎರಡಕ್ಕೂ ಹತ್ತಂಗಿಲ್ಲ. ಬಿಲ್ಲಿನ್ಯಾಗ ಗ್ರೇಡ್ ಬರಸ್ಕೋಬೇಕು, ಇಲ್ಲಾ ಸ್ಕ್ರ್ಯಾಪ್ ಅಂಗಡಿಯವರ ಹತ್ರ ಇರೋ ಟೆಸ್ಟ್ ಹನಿ ಹಾಕಿ ನೋಡಬೇಕು. ನಂದು 304, 16 ಗೇಜು. 409 ಇನ್ನೂ ಸಸ್ತಾ, ಅಯಸ್ಕಾಂತಕ್ಕ ಹತ್ತತೈತಿ, ಮ್ಯಾಲ ಸ್ವಲ್ಪ ತುಕ್ಕಿನ ಬಣ್ಣ ಬರತೈತಿ, ಆದ್ರ ಲಗೂನ ಕೆಡಂಗಿಲ್ಲ. 304ಕ್ಕ ಇನ್ನೊಂದು ಗುಣ ಐತಿ, ಕಾದ್ರ ಭಾಳ ಹಿಗ್ಗತೈತಿ, ಮೂರು ಮೀಟರ್ ಪೈಪು 200 ಡಿಗ್ರಿ ಏರಿದ್ರ ಸುಮಾರು ಒಂದು ಸೆಂಟಿಮೀಟರ್ ಉದ್ದ ಅಕ್ಕೈತಿ. ಅದಕ್ಕ ಚೆಸ್ಸಿಗೆ ಗಟ್ಟಿ ವೆಲ್ಡ್ ಹೊಡಿಸಬಾರ್ದು, ರಬ್ಬರ್ ಬುಷ್ ಮ್ಯಾಲ ತೂಗಹಾಕಿ ಮುಂದೊಂದು ಬಾಗೋ ಫ್ಲೆಕ್ಸ್ ಪೈಪ್ ಇಡಬೇಕು, ಇಲ್ಲಂದ್ರ ಫ್ಲೇಂಜ್ (ಬೋಲ್ಟ್ ಹಾಕಿ ಪೈಪ್ ಕೂಡಿಸೋ ಜೋಡು) ಹತ್ರ ಬಿರುಕು ಬಿಡತೈತಿ.

ಫಿಟ್ ಆದ ಮ್ಯಾಲ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿದು ಹತ್ತಿ ಬಂದೆ. ಮೂರನೇ ಗೇರಿನ್ಯಾಗ ಮೊದಲಿನಕಿಂತ ಒಂದೀಟು ಲಗೂನ ಎಳೀತೈತಿ, ಅಷ್ಟ. ಹೊರಗಿನ ಸೌಂಡು ಕಂಪನಿದಕಿಂತ ಸ್ವಲ್ಪ ಗಡಸು, ಕ್ಯಾಬಿನ್ನಿನ್ಯಾಗ ಕಿಡಕಿ ಹಾಕಿದ್ರ ಮಾತಾಡಬಹುದು. ಪಿಯುಸಿ ಪಾಸ್. ಗ್ಲಾಸ್ ವುಲ್ ವರ್ಷಗಟ್ಟಲೆ ಕಾದು ಕಾದು ಉದರತೈತಿ, ಆವಾಗ ಸೌಂಡ್ ಏರತೈತಿ, ಅದಕ್ಕ ಮಫ್ಲರ್ ಎರಡೂ ಕಡೆ ವೆಲ್ಡ್ ಮಾಡದ ಫ್ಲೇಂಜ್ ಬೋಲ್ಟ್ ಇಡಸೀನಿ. ಬಿಚ್ಚಿ ಹೊಸಾ ವುಲ್ ತುಂಬಿ ತಿರುಗಿ ಹಾಕೂದು ಒಂದು ಮಧ್ಯಾಹ್ನದಾಗ ಮುಗಿಯೋ ಕೆಲಸ. ಹೊಸದಾಗಿ ಹಾಕಸಿದವರು ಮೊದಲನೇ ವಾರ ಓಡಿಸಿ, ಪೈಪ್ ತಣ್ಣಗಾದ ಮ್ಯಾಲ ಆ ಬೋಲ್ಟ್ ಒಂದ ಸಲ ಬಿಗಿ ಮಾಡ್ಸ್ಕೋರಿ, ಫ್ಲೇಂಜ್ ನಡುವಿನ ಪ್ಯಾಕಿಂಗ್ ಕುಂತ ಮ್ಯಾಲ ಅವು ಲೂಸ್ ಆಗಿರ್ತಾವ.