ಶಬ್ಬಾತ್ ಮನೆಯಲ್ಲಿ ಸ್ವಿಚ್ ಮುಟ್ಟುವ ಮುಂಚೆ

ಮಂಗಳೂರು, ಉಡುಪಿ ಕಡೆಯಿಂದ ಇಸ್ರೇಲಿಗೆ ವಯಸ್ಸಾದವರನ್ನು ನೋಡಿಕೊಳ್ಳಲು ಬರುವವರು ನಾಲ್ಕು ಮಾತು ಹೀಬ್ರೂ ಕಲಿತೇ ಬರುತ್ತಾರೆ. ಶುಕ್ರವಾರ ಸಂಜೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ. ನನಗೂ ಹೇಳಿರಲಿಲ್ಲ.

ಜೆರುಸಲೇಮಿನ ಮನೆಯಲ್ಲಿ ನನ್ನ ಮೊದಲ ಶಬ್ಬಾತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗೆ ಯೆಹೂದಿಗಳು ಕೆಲಸ ಬಿಟ್ಟು ಆಚರಿಸುವ ವಿಶ್ರಾಂತಿ ದಿನ. ಊಟ ಆಗಿ ಸ್ವಲ್ಪ ಹೊತ್ತಿಗೆ ಟೈಮರ್ ಹಾಲಿನ ದೀಪ ಆರಿಸಿತು. ಸಾವ್ತಾ (ಇಲ್ಲಿ ಅಜ್ಜಿಗೆ ಹಾಗನ್ನುವುದು) ಪುಸ್ತಕ ಹಿಡಿದು ಕತ್ತಲಲ್ಲಿ ಕೂತಿದ್ದರು. ಪಾಪ ಅನ್ನಿಸಿ ಓಡಿಹೋಗಿ ಸ್ವಿಚ್ ಒತ್ತಿದೆ. ಅವರು ನನ್ನ ಮುಖ ನೋಡಿ, ಪುಸ್ತಕ ಮುಚ್ಚಿ, ತೊಡೆ ಮೇಲಿಟ್ಟುಕೊಂಡರು. ಅಷ್ಟು ಬೆಳಕಲ್ಲಿ ಒಂದು ಗಂಟೆ ಸುಮ್ಮನೆ ಕೂತರು. ನಾನೇನೋ ಮೈಲಿಗೆ ಮಾಡಿದೆ ಅಂತ ರಾತ್ರಿ ನಿದ್ದೆ ಬರಲಿಲ್ಲ.

ಮೈಲಿಗೆ ಅಲ್ಲ, ಮಾರಾಯ್ರೆ. ಶನಿವಾರ ರಾತ್ರಿ ಅವರ ಮಗ ಕೂರಿಸಿ ಹೇಳಿದರು. ಶಬ್ಬಾತಿನಲ್ಲಿ ಅವರಿಗೆ 39 ಬಗೆಯ ಕೆಲಸ ನಿಷಿದ್ಧ: ಬೆಂಕಿ ಹಚ್ಚುವುದು, ಆರಿಸುವುದು, ಬೇಯಿಸುವುದು, ಬರೆಯುವುದು ಹೀಗೆ. ಕರೆಂಟಿನ ಸ್ವಿಚ್ ಕೂಡ ಮುಟ್ಟುವುದಿಲ್ಲ. ಯೆಹೂದಿ ಅಲ್ಲದ ನನಗೆ ಆ ನಿಷೇಧ ಇಲ್ಲ. ಆದರೆ ಆ ಕೆಲಸ ನನ್ನಿಂದ ಮಾಡಿಸಬಾರದು ಅಂತ ಅವರ ಹಿಂದಿನ ರಬ್ಬಿಗಳು, ಅಂದರೆ ಧರ್ಮಗುರುಗಳು, ಕಟ್ಟು ಹಾಕಿದ್ದಾರೆ. ಬಾಯಿಬಿಟ್ಟು ಹೇಳದಿದ್ದರೂ, ಅವರಿಗೋಸ್ಕರ ಅಂತ ನಾನು ದೀಪ ಹಾಕಿದರೆ ಅದರಲ್ಲಿ ಓದುವ ಹಾಗಿಲ್ಲ. 1565ರಲ್ಲಿ ವೆನಿಸಿನಲ್ಲಿ ಅಚ್ಚಾದ ಯೋಸೆಫ್ ಕಾರೋ ಅವರ ‘ಶುಲ್ಹಾನ್ ಆರೂಖ್’ ಎಂಬ ಧರ್ಮಶಾಸ್ತ್ರದ ಪುಸ್ತಕದಲ್ಲಿ ಇದಕ್ಕೇ ಒಂದು ಅಧ್ಯಾಯ ಉಂಟು, 276ನೆಯದು.

ಹಾಗಾದರೆ ಮಾಡುವುದೇನು? ಮೊದಲನೆಯದು, ಶುಕ್ರವಾರವೇ ಎಲ್ಲ ಮುಗಿಸಿಡಿ. ಜೆರುಸಲೇಮಿನಲ್ಲಿ ಸೂರ್ಯ ಮುಳುಗುವ 40 ನಿಮಿಷ ಮುಂಚೆ ಶಬ್ಬಾತಿನ ದೀಪ ಹಚ್ಚುತ್ತಾರೆ, ಆಗ ಸೈರನ್ನೂ ಕೂಗುತ್ತದೆ. ಅಷ್ಟರೊಳಗೆ ಫ್ರಿಜ್ಜಿನ ಒಳಗಿನ ಬಲ್ಬ್ ತೆಗೆದಿರಬೇಕು, ಊಟ ಬಿಸಿ ಇಡುವ ‘ಪ್ಲಾತಾ’ ಹಚ್ಚಿರಬೇಕು, ಬಿಸಿನೀರಿನ ಪಾತ್ರೆ ಕುದಿದಿರಬೇಕು, ಟಾಯ್ಲೆಟ್ ಪೇಪರ್ ಹರಿದು ಜೋಡಿಸಿಟ್ಟಿರಬೇಕು. ಹರಿಯುವುದೂ ಆ ದಿನ ಆಗದ ಕೆಲಸ. ನಾನಂತೂ ಬಚ್ಚಲುಮನೆಯ ಸ್ವಿಚ್ ಮೇಲೆ ಟೇಪ್ ಅಂಟಿಸುತ್ತೇನೆ, ಕೈ ತನ್ನಷ್ಟಕ್ಕೆ ಹೋಗಿಬಿಡುತ್ತದಲ್ಲ.

ಎರಡನೆಯದು, “ಲೈಟ್ ಹಾಕಲಾ?” ಅಂತ ಕೇಳಬೇಡಿ. ‘ಹೂಂ’ ಅಂದರೆ ಹೇಳಿ ಮಾಡಿಸಿದ ಹಾಗಾಯಿತು, ‘ಬೇಡ’ ಅಂದರೆ ಕತ್ತಲು. ಪಾಪ, ಯಾಕೆ ಸಿಕ್ಕಿಸಬೇಕು? ನಾನು ಈಗ ಹೀಗೆ ಮಾಡುತ್ತೇನೆ: ಹೊಲಿಯುವ ಬಟ್ಟೆ ತಗೊಂಡು ಹಾಲಿಗೆ ಬರುತ್ತೇನೆ, ನನಗೆ ಬೇಕು ಅಂತಲೇ ದೀಪ ಹಾಕಿ, ಸೂಜಿಗೆ ದಾರ ಪೋಣಿಸಿ ಕೂರುತ್ತೇನೆ. ಸ್ವಲ್ಪ ಹೊತ್ತಿಗೆ ವಾಕರ್ ಸದ್ದು ಕೇಳುತ್ತದೆ. ಸಾವ್ತಾ ಬಂದು ಪಕ್ಕ ಕೂತು ಪುಸ್ತಕ ತೆರೆಯುತ್ತಾರೆ. ಇದಕ್ಕೆ ಅಡ್ಡಿಯಿಲ್ಲ. ಆದರೆ ನಾಟಕ ನಡೆಯುವುದಿಲ್ಲ, ನಿಜವಾಗಿ ಹೊಲಿಯಬೇಕು. ನನ್ನ ಚೂಡಿದಾರಗಳಿಗೆಲ್ಲ ಗುಂಡಿ ಗಟ್ಟಿ ಇರುವುದು ಹೀಗೆ.

ಇದೇ ಉಪಾಯ ಅಂತ ಚಹಾಕ್ಕೆ ಹೋಗಿ ನಾನು ಇನ್ನೊಮ್ಮೆ ಎಡವಿದೆ. ನನಗೆ ಅಂತ ಕುದಿಸಿದ ನೀರಲ್ಲಿ ಅವರಿಗೂ ಒಂದು ಲೋಟ ಕೊಡಲು ಹೋದೆ, ಮುಟ್ಟಲಿಲ್ಲ. ಕಾರಣ ಅವರ ಹಳೆಯ ಧರ್ಮಗ್ರಂಥ ತಾಲ್ಮುದಿನಲ್ಲೇ ಉಂಟು: ಒಬ್ಬರಿಗೆ ಹಚ್ಚಿದ ದೀಪ ನೂರು ಜನರಿಗೂ ದೀಪವೇ, ಆದರೆ ನೀರಾದರೆ ಪರಿಚಯದವರು ಇದ್ದಾರೆ ಅಂತ ಒಂದು ಲೋಟ ಜಾಸ್ತಿ ಇಟ್ಟುಬಿಡಬಹುದು. ನಾನು ಇಟ್ಟಿದ್ದೂ ಹೌದು!

ಮೂರನೆಯದು, ಕಿವಿ ತೆರೆದಿಡಿ. “ಆ ಲೈಟ್ ಆರಿಸು” ಅನ್ನುವುದಿಲ್ಲ. “ಬೆಳಕಿಗೆ ನಿದ್ದೆ ಬರುತ್ತಿಲ್ಲ” ಅನ್ನುತ್ತಾರೆ. ಅದು ಆಜ್ಞೆ ಅಲ್ಲ, ಇದ್ದ ಸಂಗತಿ. ಉಳಿದದ್ದು ನಿಮ್ಮ ಬುದ್ಧಿಗೆ ಬಿಟ್ಟದ್ದು. ನಮ್ಮತ್ತೆಯೂ ಹೀಗೇ ಮಾತಾಡುತ್ತಿದ್ದರು, ಹಾಗಾಗಿ ನನಗೆ ಬೇಗ ಅಭ್ಯಾಸ ಆಯಿತು.

ಕಾಯಿಲೆ ಬಿದ್ದರೆ ಬೇರೆ ಲೆಕ್ಕ. ಜೀವಕ್ಕೆ ಅಪಾಯ ಇಲ್ಲದಿದ್ದರೂ, ಹಾಸಿಗೆ ಹಿಡಿಸುವಷ್ಟು ನೋವೋ ನಿತ್ರಾಣವೋ ಇದ್ದರೆ ಅವರು ನೇರವಾಗಿ ಹೇಳಬಹುದು. ಜೋರು ಚಳಿಗೂ ಅದೇ ರಿಯಾಯಿತಿ: ಚಳಿಯ ಮುಂದೆ ಎಲ್ಲರೂ ರೋಗಿಗಳೇ ಅಂತ ಅವರ ಲೆಕ್ಕ. ಡಿಸೆಂಬರಿನಲ್ಲಿ ಸಾವ್ತಾ “ಕರ್ ಲಿ”, ಅಂದರೆ ನನಗೆ ಚಳಿ, ಅಂದಕೂಡಲೇ ಹೀಟರ್ ಹಾಕುತ್ತೇನೆ. ನೆಬ್ಯುಲೈಸರ್, ಕರೆಂಟಿನ ಮಂಚ, ಇಂಥದ್ದಕ್ಕೆಲ್ಲ ಏನು ಮಾಡಬೇಕು ಅಂತ ಗುರುವಾರವೇ ಮನೆಯವರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ; ಬೇಕಾದರೆ ಅವರು ತಮ್ಮ ರಬ್ಬಿಯನ್ನು ಕೇಳಿ ಹೇಳುತ್ತಾರೆ. ಎದೆನೋವು, ಉಸಿರಾಟದ ತೊಂದರೆ, ಬಿದ್ದು ತಲೆಗೆ ಪೆಟ್ಟು: ಇಂಥದ್ದಾದರೆ ಕಾನೂನೆಲ್ಲ ಪಕ್ಕಕ್ಕೆ, ತಕ್ಷಣ ಇಲ್ಲಿನ ಆಂಬುಲೆನ್ಸ್ ನಂಬರ್ 101ಕ್ಕೆ ಫೋನ್ ಮಾಡಿ. ಆಗ ಎಷ್ಟೇ ಕಟ್ಟುನಿಟ್ಟಿನ ಯೆಹೂದಿಯಾದರೂ ನಿಮಗಾಗಿ ಕಾಯದೆ ತಾವೇ ಫೋನ್ ಎತ್ತಬೇಕು ಅನ್ನುವುದೇ ಅವರ ಧರ್ಮ.

ಸಂಬಳದ ಮಾತು ಶನಿವಾರ ಎತ್ತಬೇಡಿ. ಮೇಜಿನ ಮೇಲಿನ ದ್ರಾಕ್ಷಾರಸದ ಬಾಟಲಿಯನ್ನೂ ಮುಟ್ಟಬೇಡಿ, ಅದು ಬೇರೆಯೇ ಕಾನೂನು: ಯೆಹೂದಿ ಅಲ್ಲದವರು ಮುಟ್ಟಿದ್ದನ್ನು ಅವರು ಕುಡಿಯುವುದಿಲ್ಲ. ನನಗೆ ಅದೊಂದು ಇವತ್ತಿಗೂ ಸ್ವಲ್ಪ ಚುಚ್ಚುತ್ತದೆ.

ಶನಿವಾರ ಆಕಾಶದಲ್ಲಿ ಮೂರು ನಕ್ಷತ್ರ ಕಂಡ ಮೇಲೆ ಲವಂಗದ ಪರಿಮಳ ಮೂಸಿ, ಹೆಣೆದ ಮೇಣದ ಬತ್ತಿ ಹಚ್ಚಿ ಆರಿಸುತ್ತಾರೆ. ಆಮೇಲೆ ನಮ್ಮ ಸಾವ್ತಾ ತಾವೇ ಸ್ವಿಚ್ ಒತ್ತಿ “ಶಾವೂವಾ ತೋವ್” ಅನ್ನುತ್ತಾರೆ, ಒಳ್ಳೆಯ ವಾರವಾಗಲಿ ಅಂತ. ಮರುಕ್ಷಣ ಶುರು: ಚಹಾ ಇಡು, ಪ್ಲಾತಾ ಆಫ್ ಮಾಡು, ಮಗನಿಗೆ ಫೋನ್ ಹಚ್ಚು, ಫ್ರಿಜ್ಜಿಗೆ ಬಲ್ಬ್ ಹಾಕು.