ಚೆಂಡು ಬಿಟ್ಟು ಮೊಣಕೈ ನೋಡಲು ಕಲಿತದ್ದು

ಟೆಕ್ಸಾಸ್‌ನಲ್ಲಿ ಹೈಸ್ಕೂಲ್ ಹುಡುಗರ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳಿಗೆ ನಾನು ಬ್ಯಾಕ್ ಜಡ್ಜ್. ಐದು ಅಂಪೈರ್‌ಗಳಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುವವನು. ನನಗೆ ತುಂಬ ಕಾಡಿದ್ದು ರಿಸೀವರ್ ಮಾಡುವ ಪಾಸ್ ಇಂಟರ್‌ಫಿಯರೆನ್ಸ್, ಅಂದರೆ ಮುಂದಕ್ಕೆ ಎಸೆದ ಚೆಂಡನ್ನು (ಪಾಸ್) ಹಿಡಿಯುವಾಗ ಎದುರಾಳಿಗೆ ಅಡ್ಡಿ ಮಾಡುವ ತಪ್ಪು. ಡಿಫೆಂಡರ್ ಎಳೆದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಚೆಂಡು ಹಿಡಿಯುವವನೇ ತಳ್ಳಿದರೆ?

ಮೊದಲ ವರ್ಷ ಒಂದು ಉದ್ದನೆಯ ಪಾಸ್ ಬಂತು. ನಾನು ತಲೆಯೆತ್ತಿ ಚೆಂಡು ನೋಡಿದೆ. ಕಣ್ಣು ಕೆಳಗಿಳಿಸುವಷ್ಟರಲ್ಲಿ ರಿಸೀವರ್ ಕೈಯಲ್ಲಿ ಚೆಂಡು, ಡಿಫೆಂಡರ್ ಎರಡು ಹೆಜ್ಜೆ ಹಿಂದೆ. ಟಚ್‌ಡೌನ್, ಅಂದರೆ ಆರು ಅಂಕ. ಆ ಡಿಫೆಂಡರ್ ಹುಡುಗ ಓಡಿ ಬಂದು, "ಸರ್, ತಳ್ಳಿದ ಸರ್" ಅಂದ. ಕಣ್ಣಾರೆ ನೋಡದೆ ಫ್ಲ್ಯಾಗ್ (ತಪ್ಪು ಆಯಿತೆಂದು ಸಾರುವ ಹಳದಿ ಬಟ್ಟೆ) ಎಸೆಯುವ ಹಾಗಿಲ್ಲ. ಅವನ ಮುಖ ಇವತ್ತಿಗೂ ಮರೆತಿಲ್ಲ.

ಆಮೇಲೆ ಚೆಂಡು ನೋಡುವುದನ್ನೇ ಬಿಟ್ಟೆ. ಸ್ನ್ಯಾಪ್ ಆಗಿ, ಅಂದರೆ ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾದ ಕೂಡಲೇ ನನ್ನ ಪಾಲಿನ ರಿಸೀವರ್ ಮೇಲೆ ಕಣ್ಣು. ಅವನಿಗೆ ಈ ನಿಯಮ ಸ್ನ್ಯಾಪ್‌ನಿಂದಲೇ ಶುರು, ಡಿಫೆಂಡರ್‌ಗೆ ಚೆಂಡು ಎಸೆದ ಮೇಲೆ. ಚೆಂಡು ಬರುತ್ತಿದೆ ಅಂತ ಹುಡುಗರ ಕಣ್ಣೇ ಹೇಳುತ್ತದೆ. ಆಗ ನಾನು ಮೊಣಕೈ ನೋಡುತ್ತೇನೆ. ಓಡುವಾಗ ಕೈಗೆ ಕೈ ತಾಗುವುದು ಸಹಜ, ಅಲ್ವಾ? ಮೊಣಕೈ ಮಡಚಿದ್ದರೆ ಬಿಡುತ್ತೇನೆ. ಅದು ನೆಟ್ಟಗಾಗಿ, ಅದೇ ಕ್ಷಣ ಇಬ್ಬರ ನಡುವೆ ಜಾಗ ತೆರೆದುಕೊಂಡರೆ ಫ್ಲ್ಯಾಗ್. ಎರಡೂ ಇರಬೇಕು. ಕೈ ಚಾಚಿದರೂ ಡಿಫೆಂಡರ್ ಅಲುಗದಿದ್ದರೆ ಇಲ್ಲ. ಒದ್ದೆ ಹುಲ್ಲಲ್ಲಿ ಅವನೇ ಜಾರಿದ್ದರೂ ಇಲ್ಲ. ಅದಕ್ಕೇ ಒಂದು ಉಸಿರು ಕಾಯುತ್ತೇನೆ. ನೋಡಿದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿ, ಆಮೇಲೆ ಕೈ ಸೊಂಟದಲ್ಲಿರುವ ಫ್ಲ್ಯಾಗ್‌ಗೆ.

ಪಿಕ್ ಬೇರೆ ಥರ. ಒಬ್ಬ ರಿಸೀವರ್ ಇನ್ನೊಬ್ಬನಿಗೆ ದಾರಿ ಮಾಡಿಕೊಡಲು ಡಿಫೆಂಡರ್‌ಗೆ ಅಡ್ಡ ಬೀಳುತ್ತಾನೆ. ಅಲ್ಲಿ ಅಡ್ಡ ಬಂದವನ ನೋಟ ಎಲ್ಲಿದೆ ಅಂತ ನೋಡುತ್ತೇನೆ. ಪಾಸ್‌ಗಾಗಿ ತಿರುಗಿದ್ದನೋ, ಡಿಫೆಂಡರ್‌ನನ್ನೇ ಹುಡುಕಿಕೊಂಡು ಹೋದನೋ? ಆದರೆ ಪಾಸ್ ಸ್ಕ್ರಿಮೇಜ್ ಗೆರೆ (ಆಟ ಶುರುವಾದ ಗೆರೆ) ದಾಟಿರದಿದ್ದರೆ ಇದು ಇಂಟರ್‌ಫಿಯರೆನ್ಸ್ ಆಗುವುದಿಲ್ಲ. ಹಾಗಾಗಿ ಗೆರೆಯ ಮೇಲೆ ನಿಂತ ಜೊತೆಗಾರನನ್ನು ಕೇಳದೆ ನಾನು ತೀರ್ಮಾನ ಹೇಳುವುದಿಲ್ಲ.

ಟೆಕ್ಸಾಸ್ ಶಾಲೆಗಳಲ್ಲಿ ಕಾಲೇಜು ನಿಯಮವೇ ನಡೆಯುತ್ತದೆ. ದಂಡವಾಗಿ ತಂಡ 15 ಯಾರ್ಡ್ ಹಿಂದೆ ಹೋಗಬೇಕು, ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 10. ಟಚ್‌ಡೌನ್ ಆಗಿದ್ದರೆ ಅದೂ ಹೋಯಿತು. ಕೋಚ್ ಕೂಗಾಡುವುದು ಸಹಜವೇ.

ಹೋದ ಸೀಸನ್‌ನಲ್ಲಿ ಎಂಡ್ ಝೋನ್ (ಟಚ್‌ಡೌನ್ ಆಗುವ ಮೈದಾನದ ಕೊನೆಯ ಪಟ್ಟಿ) ಮೂಲೆಯಲ್ಲಿ ಅಂಥದ್ದೇ ಒಂದು ಫ್ಲ್ಯಾಗ್ ಎಸೆದೆ. ಕೋಚ್ ಸಿಟ್ಟಿನಿಂದ ಬಂದರು. ಹುಡುಗನ ನಂಬರ್ ಹೇಳಿದೆ. "ಬಲಗೈ ಪೂರ್ತಿ ಚಾಚಿದ, ಡಿಫೆಂಡರ್ ಹಿಂದಕ್ಕೆ ವಾಲಿದ" ಅಂದೆ. ಅವರು ಮರುಮಾತಾಡಲಿಲ್ಲ. ಆ ಹುಡುಗನನ್ನು ಪಕ್ಕಕ್ಕೆ ಕರೆದು, ತಮ್ಮ ಮೊಣಕೈ ಮಡಚಿ ತೋರಿಸಿದರು.