ಒಣದ್ರಾಕ್ಷಿ ಶೆಡ್ಡಿಗೆ 11.0592 ಮೆಗಾಹರ್ಟ್ಸ್

ಅಂಗಡಿಯಲ್ಲಿ ಕ್ರಿಸ್ಟಲ್ (ಚಿಪ್ಪಿಗೆ ಗಡಿಯಾರದ ಮಿಡಿತ ಕೊಡುವ ಸ್ಫಟಿಕದ ತುಂಡು) ಬೇಕು ಎಂದರೆ ಏನನ್ನೂ ಕೇಳದೆ 16 ಮೆಗಾಹರ್ಟ್ಸ್‌ನದನ್ನು ಕೈಗಿಡುತ್ತಾರೆ. ನನಗೆ ಬೇಕಾಗಿದ್ದು 11.0592. ಈ ವಿಚಿತ್ರ ಅಂಕಿಯನ್ನೇ ಹಟ ಹಿಡಿದು ಕೇಳಲು ಕಾರಣ, ವಿಜಯಪುರದ ತಿಕೋಟಾ ಕಡೆಯ ಒಂದು ಒಣದ್ರಾಕ್ಷಿ ಶೆಡ್ಡು.

ಶೆಡ್ಡಿನ ಉಷ್ಣಾಂಶ, ತೇವಾಂಶ ಅಳೆದು ಮೊಬೈಲಿಗೆ ತಿಳಿಸುವ ಪೆಟ್ಟಿಗೆಯೊಂದನ್ನು ಅಲ್ಲಿ ಪರೀಕ್ಷೆಗೆ ಇಟ್ಟಿದ್ದೆ. ಒಳಗಿದ್ದದ್ದು ಅಟ್‌ಮೆಗಾ 328ಪಿ ಎಂಬ ಮೈಕ್ರೋಕಂಟ್ರೋಲರ್ ಚಿಪ್. ಅದು ತನ್ನೊಳಗಿನ 8 ಮೆಗಾಹರ್ಟ್ಸ್ ಆರ್‌ಸಿ ಆಸಿಲೇಟರ್ (ಕ್ರಿಸ್ಟಲ್ ಇಲ್ಲದೆ ಮಿಡಿತ ಹುಟ್ಟಿಸುವ ಸರ್ಕ್ಯೂಟ್) ನೆಚ್ಚಿಕೊಂಡು ಸಂದೇಶ ಕಳುಹಿಸುವ ಮಾಡ್ಯೂಲ್ ಜೊತೆ 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್) ವೇಗದಲ್ಲಿ ಮಾತಾಡುತ್ತಿತ್ತು. ಬಿಸಿಲೇರಿದ ಮೇಲೆ ಮಾಲೀಕರಾದ ಕಾಕಾ ಫೋನ್ ಮಾಡಿದರು: "ತಮ್ಮಾ, ನಿನ್ನ ಪೆಟ್ಟಿಗೆ ಮುಂಜಾನೆ ಜಾಣನ ಹಾಗೆ ಮಾತಾಡುತ್ತದೆ, ಮಧ್ಯಾಹ್ನವಾದರೆ ತೊದಲುತ್ತದೆ." ರೋಗ ಯಾವುದೆಂದು ಆ ಒಂದೇ ಮಾತಿನಲ್ಲಿ ಗೊತ್ತಾಯಿತು. ಆರ್‌ಸಿ ಆಸಿಲೇಟರ್ ತಾಪಕ್ಕೆ ತಕ್ಕಂತೆ ಸರಿದಾಡುತ್ತದೆ. ಕಾರ್ಖಾನೆಯ ಹೊಂದಾಣಿಕೆಯೇ ಹತ್ತು ಶೇಕಡಾ ಆಚೀಚೆ ಇರಬಹುದು. ಸೀರಿಯಲ್ ಸಂವಹನ (ಒಂದರ ಹಿಂದೊಂದು ಬಿಟ್ ಕಳುಹಿಸುವ ಈ ಮಾತುಕತೆ) ತಡೆದುಕೊಳ್ಳುವುದು ಸುಮಾರು ಎರಡು ಶೇಕಡಾ ವ್ಯತ್ಯಾಸವನ್ನು. ಅಷ್ಟಲ್ಲದೆ 8 ಮೆಗಾಹರ್ಟ್ಸ್‌ನಿಂದ 115200 ನಿಖರವಾಗಿ ಸಿಗುವುದೇ ಇಲ್ಲ. ಚಿಪ್ಪಿನ ದುಪ್ಪಟ್ಟು ವೇಗದ ಸೆಟ್ಟಿಂಗ್ ಹಾಕಿದರೂ ಮೂರೂವರೆ ಶೇಕಡಾ ಕಡಿಮೆ. ಇಷ್ಟು ದಿನ ನಡೆದದ್ದೇ ಅದೃಷ್ಟ. ಹೊರಗಿನ ಕ್ರಿಸ್ಟಲ್ ಬೇಕೇ ಬೇಕು.

ಹಾಗಾದರೆ 16 ಏಕೆ ಬೇಡ? ನನ್ನ ಬೋರ್ಡ್ 3.3 ವೋಲ್ಟ್‌ನದು. ಈ ಚಿಪ್ 2.7 ವೋಲ್ಟ್‌ಗೆ 10 ಮೆಗಾಹರ್ಟ್ಸ್, 4.5 ವೋಲ್ಟ್‌ಗೆ 20 ಮೆಗಾಹರ್ಟ್ಸ್ ಓಡುತ್ತದೆ. ಆ ಲೆಕ್ಕದಲ್ಲಿ 16ಕ್ಕೆ 3.8 ವೋಲ್ಟ್‌ನಷ್ಟಾದರೂ ಬೇಕು. 11.0592ಕ್ಕೆ 2.9 ಸಾಕು. ಮೇಲಾಗಿ ಅದನ್ನು 115200ರಿಂದ ಭಾಗಿಸಿದರೆ ಸರಿಯಾಗಿ 96 ಬರುತ್ತದೆ, ಶೇಷ ಸೊನ್ನೆ. ಆ ಅಂಕಿ ಹುಟ್ಟಿರುವುದೇ ಸೀರಿಯಲ್‌ಗಾಗಿ.

ಕ್ರಿಸ್ಟಲ್‌ನ ಎರಡು ಕಾಲುಗಳಿಂದ ಗ್ರೌಂಡಿಗೆ ಹಾಕುವ ಲೋಡ್ ಕೆಪಾಸಿಟರ್‌ಗಳ ಲೆಕ್ಕ ಸುಲಭ. ಕ್ರಿಸ್ಟಲ್ ಕೇಳುವುದು 18 ಪಿಕೋಫ್ಯಾರಡ್. ಬೋರ್ಡಿನ ಗೆರೆಗಳು, ಚಿಪ್ಪಿನ ಕಾಲುಗಳು ಸೇರಿ ಐದರಷ್ಟು ತಾವೇ ಕೊಡುತ್ತವೆ. ಎರಡು ಕೆಪಾಸಿಟರ್‌ಗಳು ಒಂದರ ಹಿಂದೊಂದು ಸರಣಿಯಲ್ಲಿರುವುದರಿಂದ ಪ್ರತಿಯೊಂದೂ ಉಳಿದ ಹದಿಮೂರರ ಎರಡರಷ್ಟು, ಅಂದರೆ 26. ಕೈಗೆ ಸಿಕ್ಕ 22ರ ಎರಡು ಸೆರಾಮಿಕ್‌ಗಳನ್ನೇ ಹಾಕಿದೆ. ಸೀರಿಯಲ್ ಕೆಲಸಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಗಡಿಯಾರ ಮಾಡುವವರು ಮಾತ್ರ ಇಷ್ಟು ಉದಾರವಾಗಬಾರದು: ಹತ್ತು ಲಕ್ಷಕ್ಕೆ ಇಪ್ಪತ್ತು ಭಾಗ ತಪ್ಪಿದರೂ ದಿನಕ್ಕೆ 1.7 ಸೆಕೆಂಡ್ ಹೋಗುತ್ತದೆ.

ಜಾಗದ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. ಕ್ರಿಸ್ಟಲ್‌ನ ತಗಡಿನ ಡಬ್ಬಿಯನ್ನು ಚಿಪ್ಪಿನ 9 ಮತ್ತು 10ನೇ ಕಾಲುಗಳಿಗೆ ಅಂಟಿದಂತೆ ಕೂರಿಸಿ, ಕೆಪಾಸಿಟರ್‌ಗಳ ಇನ್ನೊಂದು ತುದಿಯನ್ನು ಪಕ್ಕದ 8ನೇ ಕಾಲಿನ ಗ್ರೌಂಡಿಗೇ ಬೆಸೆದೆ. ಬೆಸುಗೆಯ ಫ್ಲಕ್ಸ್ ಉಳಿಕೆಯನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆದೆ. ದ್ರಾಕ್ಷಿಯಿಂದ ಆರಿದ ನೀರು ಶೆಡ್ಡಿನ ಗಾಳಿಗೆ ಸೇರುತ್ತದೆ. ಆ ತೇವ ಹೀರಿದ ಫ್ಲಕ್ಸ್ ಕ್ರಿಸ್ಟಲ್ ಕಾಲುಗಳ ನಡುವೆ ವಿದ್ಯುತ್ ಸೋರಲು ದಾರಿ ಮಾಡಿಕೊಡುತ್ತದೆ.

ಕ್ರಿಸ್ಟಲ್ ಕೂತ ಮೇಲೆಯೇ ಫ್ಯೂಸ್ (ಮಿಡಿತ ಎಲ್ಲಿಂದ ಎಂದು ಚಿಪ್ಪಿಗೆ ಹೇಳುವ ಒಳಗಿನ ಸೆಟ್ಟಿಂಗ್ ಬಿಟ್‌ಗಳು) ಬದಲಾಯಿಸಬೇಕು. ಮೊದಲೇ ಬದಲಾಯಿಸಿದರೆ ಚಿಪ್ ಇಲ್ಲದ ಮಿಡಿತಕ್ಕಾಗಿ ಕಾಯುತ್ತ ಕೂರುತ್ತದೆ, ಪ್ರೋಗ್ರಾಮರ್ ಕರೆದರೂ ಓಗೊಡುವುದಿಲ್ಲ. ಸತ್ತಿತೆಂದು ಎಸೆಯುವುದು ಬೇಡ. ಇನ್ನೊಂದು ಬೋರ್ಡಿನಿಂದ ಚೌಕಾಕಾರದ ಅಲೆಯನ್ನು 9ನೇ ಕಾಲಿಗೆ ಕೊಟ್ಟರೆ ಎದ್ದು ಕೂರುತ್ತದೆ. ಲೋ ಫ್ಯೂಸ್‌ನ ಎಂಟೂ ಬಿಟ್ 1 ಆದರೆ ಹೊರಗಿನ ಕ್ರಿಸ್ಟಲ್, ಮಿಡಿತವನ್ನು ಎಂಟರಿಂದ ಭಾಗಿಸುವುದೂ ಇಲ್ಲ.

ಓಡುತ್ತಿದೆಯೇ ಎಂದು ನೋಡಲು ಆಸಿಲೋಸ್ಕೋಪಿನ ಪ್ರೋಬ್ ಅನ್ನು ನೇರವಾಗಿ ಕ್ರಿಸ್ಟಲ್‌ಗೆ ತಾಗಿಸುವ ಅಭ್ಯಾಸ ನನಗೆ ಹಿಡಿಸದು. 1× ಸ್ಥಾನದಲ್ಲಿಟ್ಟ ಪ್ರೋಬ್ ನೂರರ ಸುಮಾರು ಪಿಕೋಫ್ಯಾರಡ್ ಹೇರುತ್ತದೆ. ಓಡುತ್ತಿದ್ದ ಕ್ರಿಸ್ಟಲ್ ಅಲ್ಲೇ ನಿಲ್ಲಬಹುದು. ಅದರ ಬದಲು ಲೋ ಫ್ಯೂಸ್‌ನ 6ನೇ ಬಿಟ್ (ಸೊನ್ನೆಯಿಂದ ಎಣಿಸಿ) ಅನ್ನು 0 ಮಾಡಿದರೆ ಗಡಿಯಾರದ ಮಿಡಿತ 14ನೇ ಕಾಲಿನಲ್ಲಿ ಹೊರಬರುತ್ತದೆ. ಅಲ್ಲಿ ಎಷ್ಟು ಹೊತ್ತು ಬೇಕಾದರೂ ಅಳೆಯಬಹುದು.

ಶೆಡ್ಡಿನಲ್ಲಿ ದೊಡ್ಡ ಫ್ಯಾನುಗಳಿವೆ, ಅವು ಚಾಲೂ ಆಗುವಾಗ ತಂತಿಗಳಲ್ಲಿ ಗದ್ದಲ. ಅದಕ್ಕಾಗಿ ಕೊನೆಗೆ ಲೋ ಫ್ಯೂಸ್‌ನ 3ನೇ ಬಿಟ್ ಅನ್ನು 0 ಮಾಡಿ ಫುಲ್ ಸ್ವಿಂಗ್ (ಕ್ರಿಸ್ಟಲ್ ಅನ್ನು ಹೆಚ್ಚು ಜೋರಾಗಿ ಆಡಿಸುವ) ವಿಧಾನಕ್ಕೆ ಬದಲಾಯಿಸಿದೆ. ಕರೆಂಟ್ ಸ್ವಲ್ಪ ಹೆಚ್ಚು ಎಳೆಯುತ್ತದೆ, ಆದರೆ ಪೆಟ್ಟಿಗೆ ಅಡಾಪ್ಟರ್ ಮೇಲೆ ನಡೆಯುವುದರಿಂದ ಅದರ ಚಿಂತೆಯಿಲ್ಲ. ಬ್ಯಾಟರಿಯದಾಗಿದ್ದರೆ ಮೊದಲಿನ ವಿಧಾನದಲ್ಲಿಯೇ ಬಿಡುತ್ತಿದ್ದೆ.